ಯಾರ ಮುಖ ನೋಡಿ ಎದ್ದಿತೋ!

ನನ್ನ ಲ್ಯಾಪ್‌ಟಾಪ್ ಮಲಗುವುದಕ್ಕೆ ಒಂಚೂರೂ ಹಟ ಮಾಡುವುದಿಲ್ಲ. ಮುಚ್ಚಳ ಮುಚ್ಚಿದರೆ ಸಾಕು, ನಿದ್ದೆ. ಏಳುವಾಗಲೇ ರಾಮಾಯಣ. 'ಇವತ್ತು ಯಾರ ಮುಖ ನೋಡಿ ಎದ್ದಿತೋ' ಅಂತ ಬೈಯುವ ಹಾಗೂ ಇಲ್ಲ. ದಿನಾ ಅದು ಎದ್ದು ಮೊದಲು ನೋಡುವುದು ನನ್ನ ಮುಖವನ್ನೇ.

ನನ್ನದರಲ್ಲಿ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್. ಮೆನು, ಗಡಿಯಾರ ಎಲ್ಲ ಕನ್ನಡದಲ್ಲಿದೆ. ಮುಚ್ಚಳ ತೆಗೆದರೆ ವಾಲ್‌ಪೇಪರ್ ಇದ್ದ ಕಡೆ ಬಣ್ಣಬಣ್ಣದ ಚುಕ್ಕಿಗಳ ಸಂತೆ. ಮೇಲಿನ ಪಟ್ಟಿಯಲ್ಲಿ ವಾರದ ಹೆಸರು ಅರ್ಧ ಇದೆ, ಅರ್ಧ ಇಲ್ಲ. ಒತ್ತಕ್ಷರಗಳಿದ್ದ ಜಾಗದಲ್ಲಿ ಪುಟ್ಟ ಪುಟ್ಟ ಕರಿ ಚೌಕ. ಇಷ್ಟೆಲ್ಲದರ ನಡುವೆ ಮೌಸಿನ ಬಾಣ ಮಾತ್ರ ಏನೂ ಆಗಿಯೇ ಇಲ್ಲ ಎಂಬಂತೆ ಆರಾಮಾಗಿ ಓಡಾಡುತ್ತಿರುತ್ತದೆ.

"ಆಫ್ ಮಾಡಿ ಆನ್ ಮಾಡಿ ಅಂದ್ರೆ ನೀವು ಕೇಳಲ್ಲ," ಎನ್ನುತ್ತಾಳೆ ಹೆಂಡತಿ. ಕೇಳಬಹುದಿತ್ತು. ಆದರೆ ತೆರೆದಿಟ್ಟ ಅಷ್ಟೊಂದು ಟ್ಯಾಬ್‌ಗಳ ಗತಿ? ಎಂದಾದರೂ ಓದುತ್ತೇನೆ ಎಂದು ಇಟ್ಟುಕೊಂಡವು ಅವು. ಓದುವುದಿಲ್ಲ, ಆ ಮಾತು ಬೇರೆ.

ಲಿನಕ್ಸಿನಲ್ಲಿ ಪರದೆಗೆ ಚಿತ್ರ ಬಿಡಿಸುವ ಹಳೇ ವ್ಯವಸ್ಥೆ ಎಕ್ಸ್11. ಅದರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಓಡಿಸುವವರಿಗೆ ಒಂದು ಮನೆಮದ್ದಿದೆ. ಆಲ್ಟ್, ಎಫ್2 ಒತ್ತಿ, ಬರೀ 'ಆರ್' ಅಂತ ಟೈಪ್ ಮಾಡಿ ಎಂಟರ್ ಹೊಡೆದರೆ ಪರದೆ ಒಮ್ಮೆ ಕಣ್ಣು ಮಿಟುಕಿಸಿ ಸರಿಯಾಗುತ್ತದೆ. ಟ್ಯಾಬ್‌ಗಳೂ ಉಳಿಯುತ್ತವೆ. ಅದರ ಜಾಗಕ್ಕೆ ಬಂದ ಹೊಸ ವೇಲ್ಯಾಂಡ್‌ನಲ್ಲಿ ಈ ಭಾಗ್ಯವಿಲ್ಲ. ಆದರೆ ಮನೆಮದ್ದಿನಿಂದ ರೋಗದ ಮೂಲ ಗೊತ್ತಾಗುವುದಿಲ್ಲವಲ್ಲ. ಅದಕ್ಕೇ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ, ಕಪ್ಪು ಪರದೆಯ ಬಿಳಿ ಅಕ್ಷರಗಳಲ್ಲಿ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ಹುಡುಕುತ್ತಾ ಕೂತೆ. ಅದನ್ನು ನೋಡಿದ ಮಗಳು 'ಅಪ್ಪ ಹ್ಯಾಕ್ ಮಾಡ್ತಿದಾರೆ' ಎಂದು ಪಕ್ಕದ ಮನೆಯಲ್ಲಿ ಹೇಳಿ ಬಂದಳು. ಅವರು ವೈಫೈ ಪಾಸ್‌ವರ್ಡ್ ಬದಲಾಯಿಸಿಬಿಟ್ಟರು.

ಲಾಗ್‌ನಲ್ಲಿ ಇದ್ದದ್ದಾದರೂ ಏನು? ಸಸ್ಪೆಂಡ್ ಎಂಟ್ರಿ. ಸಸ್ಪೆಂಡ್ ಎಕ್ಸಿಟ್. ಮಲಗಿತು, ಎದ್ದಿತು. ಲಾಗ್ ಪ್ರಕಾರ ಏನೂ ಆಗಿಲ್ಲ.

ಲ್ಯಾಪ್‌ಟಾಪಿನ ನಿದ್ದೆಯಲ್ಲೂ ಬಗೆಗಳಿವೆ ಎಂದು ಆಮೇಲೆ ತಿಳಿಯಿತು. ಒಂದಕ್ಕೆ 'ಡೀಪ್' ಅಂತ ಹೆಸರು. ಅದರಲ್ಲಿ ರ‍್ಯಾಮ್‌ಗೆ ಜೀವ ಹಿಡಿಯುವಷ್ಟು ಕರೆಂಟ್ ಕೊಟ್ಟು ಉಳಿದದ್ದನ್ನು ಬಹುಪಾಲು ಆರಿಸುತ್ತಾರೆ. ಇನ್ನೊಂದು 'ಎಸ್2ಐಡಲ್'. ಅದು ಪೂರ್ತಿ ಆರದ ನಿದ್ದೆ, ನಮ್ಮಜ್ಜ ಟಿವಿ ಮುಂದೆ ಮಾಡುವಂಥದ್ದು. ಗೊರಕೆ ಬರುತ್ತಿರುತ್ತದೆ, ಚಾನೆಲ್ ಬದಲಾಯಿಸಿದರೆ ಮಾತ್ರ "ನೋಡ್ತಿದೀನಿ ಕಣೋ" ಎನ್ನುತ್ತಾರೆ.

ನನ್ನದು ಡೀಪ್‌ನಲ್ಲಿತ್ತು. ಒಮ್ಮೆ ಬರೆದ ಅಕ್ಷರವನ್ನು ಮತ್ತೆ ಮತ್ತೆ ಬರೆಯುವುದು ಯಾಕೆ ಎಂದು ಗ್ರಾಫಿಕ್ಸ್ ಚಿಪ್ ತನ್ನದೇ ಮೆಮೊರಿಯಲ್ಲಿ ಅದರ ಚಿತ್ರ ಇಟ್ಟುಕೊಂಡಿರುತ್ತದೆ. ಡೀಪ್ ನಿದ್ದೆಯಲ್ಲಿ ಆ ಮೆಮೊರಿಗೂ ಕರೆಂಟ್ ಇಲ್ಲ. ಮಲಗುವ ಮುಂಚೆ ಅಲ್ಲಿರುವುದನ್ನೆಲ್ಲ ಬೇರೆ ಕಡೆ ಸಾಗಿಸುವುದು ಆ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ಕೆಲಸ. ನನ್ನ ಡ್ರೈವರ್ ತನಗೆ ಮುಖ್ಯ ಅನ್ನಿಸಿದ್ದನ್ನಷ್ಟೇ ಸಾಗಿಸುತ್ತಿತ್ತು. ಕನ್ನಡದ ಒತ್ತಕ್ಷರ ಅದಕ್ಕೆ ಮುಖ್ಯ ಅಲ್ಲವಂತೆ! ನವೆಂಬರ್ 1ಕ್ಕೂ ಹೀಗೇ ಮಾಡಿದರೆ ಸಿಟ್ಟು ಬರಲ್ವಾ?

ಸರಿ, ಅಜ್ಜನ ನಿದ್ದೆಯೇ ಇರಲಿ ಎಂದು ಎಸ್2ಐಡಲ್‌ಗೆ ಬದಲಾಯಿಸಿದೆ. ಪರದೆ ಫಳಫಳ. ಖುಷಿಯಾಗಿ ಬ್ಯಾಗಿಗೆ ಹಾಕಿಕೊಂಡು ಹಾಸನದ ಬಸ್ ಹತ್ತಿದೆ. ನೆಲಮಂಗಲ ದಾಟುವಷ್ಟರಲ್ಲಿ ತೊಡೆ ಬೆಚ್ಚಗಾಗತೊಡಗಿತು. ಪಕ್ಕದ ಸೀಟಿನ ಹಿರಿಯರ ಮೊಣಕೈ ಬ್ಯಾಗಿಗೆ ತಾಗಿತು. "ಬಿಸಿ ಬಿಸಿ ಊಟ ತಗೊಂಡ್ ಹೊರಟ್ರಾ?" ಎಂದರು. ಹೌದು ಎಂದೆ. ಕರ್ನಲ್, ಡ್ರೈವರ್ ಅಂತ ಹಾಸನದವರೆಗೆ ವಿವರಿಸುವುದಕ್ಕಿಂತ ಅದೇ ವಾಸಿ. ಇಳಿದು ನೋಡಿದರೆ ಬ್ಯಾಟರಿ ತಳ ಕಂಡಿತ್ತು.

ವಾಪಸ್ ಡೀಪ್‌ಗೇ ಬಂದೆ. ಗ್ರಾಫಿಕ್ಸ್ ಮೆಮೊರಿ ಪೂರ್ತಿ ಉಳಿಸು ಎಂದು ಹೇಳುವ ಒಂದು ಆಯ್ಕೆ ಆ ಡ್ರೈವರ್‌ನಲ್ಲೇ ಇದೆ. ಸೊನ್ನೆ ಇದ್ದದ್ದನ್ನು ಒಂದು ಮಾಡಬೇಕು. ಮಲಗುವಾಗ ಏಳುವಾಗ ಓಡುವ ಅದರ ಸರ್ವಿಸ್‌ಗಳನ್ನು ಆನ್ ಮಾಡಬೇಕು. ಉಳಿಸಿದ್ದನ್ನು ಇಡಲು ಡಿಸ್ಕಿನಲ್ಲಿ ಜಾಗವೂ ಬೇಕು. ಅದಕ್ಕಾಗಿ ಯಾವುದೋ ಮದುವೆಯ ವಿಡಿಯೊ ಅಳಿಸಿದೆ. ನಮ್ಮ ಮದುವೆಯದ್ದಲ್ಲ, ನೋಡಿಯೇ ಅಳಿಸಿದ್ದು.

ರೀಸ್ಟಾರ್ಟ್ ಆದ ಮೇಲೆ ಮುಚ್ಚಳ ಮುಚ್ಚಿದೆ, ತೆಗೆದೆ. ವಾರದ ಹೆಸರು ಪೂರ್ತಿ ಇತ್ತು. ನಂಬಿಕೆ ಬರಲಿಲ್ಲ, ಮತ್ತೆ ಮುಚ್ಚಿದೆ, ತೆಗೆದೆ. "ಹಿಂಜ್ ಮುರಿಯತ್ತೆ ಕಣೋ," ಎಂದರು ಅಮ್ಮ.

ಹೆಂಡತಿ ಈ ಸಾಧನೆಯನ್ನು ತವರಿಗೆ ಫೋನ್‌ನಲ್ಲಿ ಹೇಳಿದಳು. ಸ್ವಲ್ಪ ಹೊತ್ತಿಗೆ ಭಾಮೈದನ ಕರೆ ಬಂತು: "ಭಾವ, ನಂದು ಮಲಗ್ತಾನೇ ಇಲ್ಲ. ಭಾನುವಾರ ತರ್ಲಾ?"