ಟ್ಯೂಷನ್ ಫೀಸ್ ಮಾತ್ರ ನೋಡಿದ್ರೆ ಸಾಕಾ?
ಸರಕಾರಿ ಯೂನಿವರ್ಸಿಟಿಯಲ್ಲಿ ಫೀಸ್ ಏರಿಸ್ತಾರಂತೆ ಅಂತ ಬರ್ದಿದ್ದೀರಿ, ಆದ್ರೆ ಕಾಸರಗೋಡಿನವ್ರ ಲೆಕ್ಕ ಬೇರೆ ಉಂಟು ಮಾರಾಯ್ರೆ. ಮಗಳು ಕನ್ನಡ ಮೀಡಿಯಂನಲ್ಲಿ ಕಲ್ತು ಈಗ ಡಿಗ್ರಿ ಮಾಡ್ತಿದ್ದಾಳೆ, ನಮ್ಮೂರು ಪೆರ್ಲದಿಂದ ಬೆಳಿಗ್ಗೆ ಫಸ್ಟ್ ಬಸ್ಸು. ಹೋದ ಸಲ ಎಕ್ಸಾಂ ಫೀಸಿಗೆ ಅಂತ, ರೇಟು ಏರ್ಲಿ ಅಂತ ಇಟ್ಟಿದ್ದ ಅಡಿಕೆ ಎರಡು ಗೋಣಿ ಕೊಟ್ಟುಬಿಟ್ಟೆ, ಆಮೇಲೆ ರೀವ್ಯಾಲ್ಯುವೇಶನ್, ಮಾರ್ಕ್‌ಲಿಸ್ಟು ಅಂತ ಒಂದೊಂದಕ್ಕೂ ಬೇರೆ ದುಡ್ಡು, ಅದೆಲ್ಲ ಟ್ಯೂಷನ್ ಫೀಸಿನ ಲೆಕ್ಕದಲ್ಲಿ ಕಾಣೋದೇ ಇಲ್ಲ. ನೋಟೀಸು ಬರೋದು ಮಲಯಾಳದಲ್ಲಿ (ನನಗೆ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಇಲ್ಲ), ಲಾಸ್ಟ್ ಡೇಟ್ ಗೊತ್ತಾಗುವಾಗ ಫೈನು ಬಿದ್ದಿರ್ತದೆ. ಮಗಳನ್ನು ಮಂಗ್ಳೂರಿನ ಕಾಲೇಜಿಗೆ ಸೇರ್ಸಿ ಅಂತಾರೆ ಕೆಲವ್ರು, ಅಲ್ಲಿಗೆ ಹೋದ್ರೆ ನಾವು ಕೇರಳದವ್ರು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿಂದ ಇದೇ ಕತೆ. ಏರಿಸ್ಲೇಬೇಕು ಅಂತಿದ್ರೆ ಈಗ ಸೇರಿದ ಮಕ್ಕಳಿಗಾದ್ರೂ ಕೋರ್ಸ್ ಮುಗಿಯೋವರೆಗೆ ಹಳೇ ಫೀಸೇ ಇರ್ಲಿ, ಮತ್ತೆ ಆ ನೋಟೀಸು ಒಂದು ಕನ್ನಡದಲ್ಲಿ ಹಾಕಿ.