ತಿಳಿ ನೀರಿದ್ದರೆ ಹವಳಕ್ಕೆ ಸಾಕಾ?

ಕೊಡಗಿನ ತೊರೆ ನೀರಿಗೆ ಅಡುಗೆ ಉಪ್ಪು ಕಲಸಿದರೆ ಹವಳದ ಅಕ್ವೇರಿಯಂಗೆ ಸಾಕು, ಆರ್‌ಒ ಫಿಲ್ಟರ್ ಸುಮ್ನೆ ಖರ್ಚು ಎಂಬ ಮೆಸೇಜ್ ಆಗಾಗ ಬರುತ್ತದೆ. ನಮ್ಮೂರ ನೀರಿನ ಮೇಲೆ ಅಭಿಮಾನ ಸಹಜ, ಅಲ್ವಾ? ಆದರೆ ಇದು ತಪ್ಪು.

ತೋಟದಲ್ಲಿ ಮೆಣಸು, ಕಾಫಿಗೆ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತ ಅಂದರೆ ತಾಮ್ರದ ಲವಣ. ಅದು ಸ್ವಲ್ಪ ತೊರೆಗಿಳಿದರೂ ಹವಳಕ್ಕೆ, ಸಿಗಡಿಗೆ ವಿಷ. ಗೊಬ್ಬರದ ನೈಟ್ರೇಟ್, ಫಾಸ್ಫೇಟ್ ಪಾಚಿ ಬೆಳೆಸುತ್ತವೆ. ಕುದಿಸಿದರೂ ಇವು ಹೋಗುವುದಿಲ್ಲ. ಅಡುಗೆ ಉಪ್ಪು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಲ್ಲಾದರೆ ಹವಳಕ್ಕೆ ಬೇಕಾದ ಖನಿಜಗಳೂ ಇವೆ: ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ.

ನೀವೇ ಪರೀಕ್ಷಿಸಬಹುದು. ಆರ್‌ಒ-ಡಿಐ ನೀರಿನಲ್ಲಿ (ಆರ್‌ಒ ಆದಮೇಲೆ ಉಳಿದ ಲವಣವನ್ನೂ ತೆಗೆದ ನೀರು) ಟಿಡಿಎಸ್ ಮೀಟರ್, ಅಂದರೆ ಕರಗಿದ ಲವಣ ಅಳೆಯುವ ಸಾಧನ, ಸೊನ್ನೆ ತೋರಿಸಬೇಕು. ತೊರೆ ನೀರಲ್ಲಿ ಕಡಿಮೆ ತೋರಿಸಿದರೂ ತಾಮ್ರವಿಲ್ಲ ಎಂದಲ್ಲ, ಅದಕ್ಕೆ ಬೇರೆ ಟೆಸ್ಟ್ ಕಿಟ್ ಬೇಕು. ಬೋರ್ಡೋ ಹೊಡೆದ ಮೇಲೆ ಬಂದ ಮೊದಲ ಮಳೆಯಲ್ಲೂ ಒಮ್ಮೆ ನೋಡಿ.