1912ರ ಕಾರ್ಲೈಲ್ ಫುಟ್‌ಬಾಲ್ ತಂಡದ ಗೆಲುವು ಯಾರದು?

ಪರ: ಆಡಿ ಗೆದ್ದ ಹುಡುಗರದು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೂಲನಿವಾಸಿ ಮಕ್ಕಳಿಗೆಂದು ಸರ್ಕಾರ ನಡೆಸುತ್ತಿದ್ದ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ 1912ರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ, 14 ಪಂದ್ಯಗಳನ್ನಾಡಿ 12ರಲ್ಲಿ ಗೆದ್ದಿತು. ಒಂದು ಸಮವಾಯಿತು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು ಮಾತ್ರ ಸೋತಿತು. ಈ ಗೆಲುವುಗಳ ಕೀರ್ತಿಯನ್ನು ತರಬೇತುದಾರ ಪಾಪ್ ವಾರ್ನರ್ ಅವರಿಗೆ ಕಟ್ಟುವವರು ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿಯ ಎದುರು ನಡೆದ ಪಂದ್ಯವನ್ನು ಗಮನವಿಟ್ಟು ನೋಡಬೇಕು. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೇನೆ ಹೆಂಗಸರು ಮಕ್ಕಳೆನ್ನದೆ ಲಕೋಟಾ ಎಂಬ ಮೂಲನಿವಾಸಿ ಜನರನ್ನು ಕೊಂದು ಆಗ 22 ವರ್ಷವೂ ತುಂಬಿರಲಿಲ್ಲ. ಮೊದಲ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ಪಡೆಯುವ ಅಂಕ) ಗಳಿಸಿದ್ದು ಸೇನಾ ತಂಡವೇ ಆದರೂ ಆಮೇಲೆ ಅದಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಕಾರ್ಲೈಲ್‌ನ ಅಲೆಕ್ಸ್ ಅರ್ಕಾಸಾ ಮೂರು ಟಚ್‌ಡೌನ್ ಗಳಿಸಿದರು. ಅದೇ ತಂಡದ ಜಿಮ್ ಥಾರ್ಪ್ ಚೆಂಡು ಹಿಡಿದು ಓಡಿದಾಗಲೆಲ್ಲ, ಮುಂದೆ ದೇಶದ ಅಧ್ಯಕ್ಷರಾಗಲಿದ್ದ ಐಸೆನ್‌ಹೋವರ್ ಸೇರಿದಂತೆ ಎದುರಾಳಿಗಳು ಅವರನ್ನು ತಡೆಯಲು ಹೆಣಗಿದರು. ಕಾರ್ಲೈಲ್‌ನ ಜೋ ಗೈಯಾನ್ ಅವರ ಮೇಲೆ ಕೈಮಾಡಿದ ಸೇನಾ ತಂಡದ ನಾಯಕನನ್ನೇ ಅಂಗಳದಿಂದ ಹೊರಗೆ ಕಳಿಸಬೇಕಾಯಿತು. ಕೊನೆಗೆ ಅಂಕ 27-6.

ಆಟದ ವ್ಯೂಹ ವಾರ್ನರ್ ಅವರದು ನಿಜ. ಆದರೆ ಅಂಗಳದ ಅಂಚಿನಿಂದ ತರಬೇತುದಾರ ಸೂಚನೆ ಕೊಡುವುದನ್ನು ಆಗಿನ ನಿಯಮ ಒಪ್ಪುತ್ತಿರಲಿಲ್ಲ. ಯಾವ ಕ್ಷಣದಲ್ಲಿ ಯಾವ ನಡೆ ಎಂದು ನಿರ್ಧರಿಸಿದ್ದು ಕ್ವಾರ್ಟರ್‌ಬ್ಯಾಕ್, ಅಂದರೆ ಅಂಗಳದಲ್ಲಿ ತಂಡದ ಆಟವನ್ನು ನಡೆಸುವ ಆಟಗಾರ, ಗಸ್ ವೆಲ್ಚ್. ಪಂದ್ಯವನ್ನು ನಡೆಸಿದವರೂ ಗೆದ್ದವರೂ ಆ ಹುಡುಗರೇ.

ವಿರೋಧ: ಲಾಭ ಉಂಡದ್ದು ಶಾಲೆ

ಆಡಿದವರ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಪ್ರಶ್ನೆ ಇರುವುದು ಆ ಗೆಲುವು ಯಾರ ಕೆಲಸಕ್ಕೆ ಬಂತು ಎಂಬುದರಲ್ಲಿ. 1879ರಲ್ಲಿ ರಿಚರ್ಡ್ ಪ್ರ್ಯಾಟ್ ಸ್ಥಾಪಿಸಿದ ಈ ಶಾಲೆ ಮಕ್ಕಳನ್ನು ಹೆತ್ತವರಿಂದ ದೂರ ತಂದು, ತಲೆಗೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ಆಡದಂತೆ ತಡೆಯುತ್ತಿತ್ತು. ಇಂಥ ಶಾಲೆಗೆ ಗೆಲ್ಲುವ ತಂಡಕ್ಕಿಂತ ಒಳ್ಳೆಯ ಜಾಹೀರಾತು ಯಾವುದಿದ್ದೀತು? ಪತ್ರಿಕೆಗಳ ಓದುಗರಿಗೆ ಕಂಡದ್ದು ಥಾರ್ಪ್ ಅವರ ಓಟ. ಶಾಲೆಯ ಸ್ಮಶಾನದಲ್ಲಿ ಮಣ್ಣಾದ ನೂರಕ್ಕೂ ಹೆಚ್ಚು ಮಕ್ಕಳು ಅವರ ಕಣ್ಣಿಗೆ ಬೀಳಲಿಲ್ಲ.

ಟಿಕೆಟ್ ಹಣ ಸೇರುತ್ತಿದ್ದ ಕ್ರೀಡಾನಿಧಿ ವಾರ್ನರ್ ಅವರ ಹಿಡಿತದಲ್ಲಿತ್ತು. ಆಟಗಾರರಿಗೆ ಬೇರೆ ವಸತಿ, ಬೇರೆ ಊಟ. ಉಳಿದ ಮಕ್ಕಳ ಊಟದ ಬಗ್ಗೆ ದೂರುಗಳು ಬರುತ್ತಲೇ ಇದ್ದವು. 1914ರಲ್ಲಿ ಸಂಸತ್ತಿನ ಸಮಿತಿ ತನಿಖೆಗೆ ಬಂದಾಗ ವಾರ್ನರ್ ಅವರ ಬೈಗುಳ, ಒರಟುತನಗಳ ವಿರುದ್ಧ ನುಡಿದವರಲ್ಲಿ ಅದೇ ಗಸ್ ವೆಲ್ಚ್ ಇದ್ದರು. ತಂಡವನ್ನು ಗೆಲ್ಲಿಸಿದವನೇ ತಂಡದ ವ್ಯವಸ್ಥೆಯನ್ನು ದೂರಿದನೆಂದರೆ ಆ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ತೂಕವಿದೆ ಎಂದೇ ನನ್ನ ಎಣಿಕೆ.

ಥಾರ್ಪ್ ಅವರ ಕಥೆ ಇನ್ನೂ ನೋವಿನದು. ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದರೆಂಬ ಸುದ್ದಿ 1913ರ ಆರಂಭದಲ್ಲಿ ಹೊರಬಿದ್ದಾಗ ವಾರ್ನರ್ ತನಗೇನೂ ತಿಳಿದಿರಲಿಲ್ಲವೆಂದು ಕೈತೊಳೆದುಕೊಂಡರು. ಹಣ ಪಡೆದು ಆಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಅವಕಾಶವಿರಲಿಲ್ಲ; ಹಾಗಾಗಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಎರಡು ಚಿನ್ನದ ಪದಕಗಳನ್ನು ಥಾರ್ಪ್ ಹಿಂದಿರುಗಿಸಬೇಕಾಯಿತು. 1915ರಲ್ಲಿ ವಾರ್ನರ್ ಅವರಿಗೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರ ಹುದ್ದೆ ದೊರೆಯಿತು. ಥಾರ್ಪ್ ಅವರ ಪದಕಗಳನ್ನು ಮರಳಿಸುವ ತೀರ್ಮಾನವಾದದ್ದು 1982ರಲ್ಲಿ, ಅವರು ತೀರಿಕೊಂಡು 29 ವರ್ಷಗಳಾದ ಮೇಲೆ.